ಬೀಡು ಊರಾದ ಬಗೆ

ಔರಾದ, ಭಾಲ್ಕಿ ಸೀಮೆಯಲ್ಲಿ ‘ತಾಂಡಾ’ ಎಂದರೆ ಲಂಬಾಣಿಗರ ಊರು. ಹಿಂದೆ ಈ ಮಾತಿಗೆ ಸಾಗುವ ಹೇರೆತ್ತುಗಳ ಸಾಲು ಎಂದೇ ಅರ್ಥ. ದವಸ, ಉಪ್ಪು ಹೇರಿಕೊಂಡು ಸಂಸಾರ ಸಮೇತ ಹೊರಟವರು ನೀರು, ಮೇವು ಕಂಡಲ್ಲಿ ಬೀಡುಬಿಡುತ್ತಿದ್ದರು. ಹತ್ತು ಹನ್ನೆರಡು ಸಾವಿರ ಎತ್ತುಗಳ ಇಂಥ ಸಾಲುಗಳನ್ನು 17ನೇ ಶತಮಾನದ ಫ್ರೆಂಚ್ ಪ್ರವಾಸಿ ಟೆವರ್ನಿಯರ್ ವರ್ಣಿಸಿದ್ದಾನೆ. ದಖ್ಖನಿಗೆ ಬಂದ ಮೊಗಲ್ ದಂಡಿಗೆ ದವಸ ಒದಗಿಸಿದವರೂ ಇವರೇ.

ಸಡಕು, ರೈಲು ಬಂದ ಮೇಲೆ ಈ ಕಸುಬು ಕುಸಿಯಿತು, ಬೀಡೇ ಊರಾಯಿತು. ಆದರೆ ಎಷ್ಟೋ ತಾಂಡಾಗಳಿಗೆ ಕಂದಾಯ ದಾಖಲೆಯಲ್ಲಿ ಜಾಗವಿರಲಿಲ್ಲ, ಮನೆಗಳಿಗೆ ಹಕ್ಕುಪತ್ರವಿರಲಿಲ್ಲ. 2023ರ ಜನವರಿಯಲ್ಲಿ ಬೀದರ ಸೇರಿ ಐದು ಜಿಲ್ಲೆಗಳ 50,000ಕ್ಕೂ ಹೆಚ್ಚು ಕುಟುಂಬಗಳಿಗೆ ಅದನ್ನು ನೀಡಲಾಯಿತು. ಬೀಡು ಬಿಟ್ಟ ನೆಲವನ್ನು ತಮ್ಮದೆನ್ನಲು ತಲೆಮಾರುಗಳೇ ಕಾಯಬೇಕಾಯಿತು.