ಮಕ್ಕಳ ವಾರ್ಡಿನ ಸಿಸ್ಟರ್ 'ಮೇಡಂ' ಯಾಕಾದ್ರು?

ಇವತ್ತಿನ ಕಂತು ಮಕ್ಕಳ ನರ್ಸಿಂಗ್ ಓದಿನ ಇತಿಹಾಸದ ಬಗ್ಗೆ. 'ಬಿ.ಕಾಂ ಓದಿದ ನಿನಗ್ಯಾಕೋ ಆಸ್ಪತ್ರೆ ವಿಷಯ' ಅಂತ ನೀವು ಕೇಳಬಹುದು. ಕಾರಣ ನಮ್ಮ ಮನೆಯಲ್ಲೇ ಇದೆ.

ನಮ್ಮ ಅಕ್ಕನ ಗಂಡನ ಮನೆ ಕಮಲಾಪುರ. ಕೆಂಪು ಬಾಳೆಗೆ ಹೆಸರಾದ ಊರು. ಕಲಬುರಗಿಯಿಂದ ಹುಮನಾಬಾದ್ ರಸ್ತೆಯಲ್ಲಿ 35 ಕಿ.ಮೀ. ಆಸುಪಾಸು. ಎರಡು ವರ್ಷದ ಹಿಂದೆ ಅಕ್ಕನಿಗೆ ದಿನ ತುಂಬೋ ಮೊದಲೇ ಹೆರಿಗೆ ಆಯ್ತು. ಕೂಸಿನ ತೂಕ 1.6 ಕೆ.ಜಿ. 1.8 ಕೆ.ಜಿ.ಗಿಂತ ಕಡಿಮೆ ಇರುವ ಕೂಸನ್ನು ನವಜಾತ ಶಿಶುಗಳ ವಿಶೇಷ ಘಟಕಕ್ಕೆ ಸೇರಿಸಬೇಕು ಅನ್ನೋದು ಸರ್ಕಾರದ ಮಾರ್ಗಸೂಚಿ. ಹಾಗಾಗಿ ರಾತ್ರೋರಾತ್ರಿ ಅಂಬ್ಯುಲೆನ್ಸ್‌ನಲ್ಲಿ ಕಲಬುರಗಿಗೆ ಬಂದ್ವಿ.

ಆ ಘಟಕದಲ್ಲಿ ಒಬ್ಬ ಸಿಸ್ಟರ್ ಇದ್ದರು. ಕೂಸನ್ನು ಬರಿ ಎದೆಗೆ ಅವಚಿಕೊಂಡು ಬೆಚ್ಚಗಿಡುವ ಕಾಂಗರೂ ಆರೈಕೆಯನ್ನು ಅಕ್ಕನಿಗೆ ಕಲಿಸಿದ್ದು ಅವರು. ನಾಲ್ಕನೇ ದಿನ ಕೂಸು ಹಾಲು ಕುಡಿಯೋದು ಕಡಿಮೆ ಮಾಡಿದೆ ಅಂತ ಎಲ್ಲರಿಗಿಂತ ಮೊದಲು ಗಮನಿಸಿ, ಡಾಕ್ಟರನ್ನು ಕರೆಸಿದ್ದೂ ಅವರೇ. ಸೋಂಕು ಶುರುವಾಗಿತ್ತು. ಬೇಗ ಗೊತ್ತಾಗಿದ್ದಕ್ಕೆ ಕೂಸು ಉಳೀತು. ಮಕ್ಕಳ ನರ್ಸಿಂಗ್‌ನಲ್ಲಿ ಅವರು ಎಂ.ಎಸ್ಸಿ ಮಾಡಿದ್ದಾರೆ ಅಂತ ಆಮೇಲೆ ಗೊತ್ತಾಯ್ತು.

ಮೂರು ತಿಂಗಳ ನಂತರ ತಪಾಸಣೆಗೆ ಹೋದಾಗ ಅವರು ಅಲ್ಲಿರಲಿಲ್ಲ. ಒಂದು ನರ್ಸಿಂಗ್ ಕಾಲೇಜಿಗೆ ಪಾಠ ಮಾಡೋಕೆ ಸೇರಿದ್ದರು. ಫೋನ್ ಮಾಡಿ ಯಾಕೆ ಬಿಟ್ರಿ ಅಂತ ಕೇಳಿದೆ. "ತಮ್ಮಾ, ವಾರ್ಡಿನ್ಯಾಗ ನನ್ನ ಓದಿಗೆ ಕುರ್ಚಿನೇ ಇಲ್ಲ. ಡಿಪ್ಲೊಮಾ ಮಾಡಿದವರೂ ಸ್ಟಾಫ್ ನರ್ಸ್, ನಾನೂ ಸ್ಟಾಫ್ ನರ್ಸ್. ಕಾಲೇಜಿನ್ಯಾಗ ಮೇಡಂ ಅಂತಾರ" ಅಂದ್ರು.

ಈ ಮಾತು ನನ್ನ ತಲೆಯಿಂದ ಹೋಗಲಿಲ್ಲ. ಮಕ್ಕಳನ್ನು ನೋಡಿಕೊಳ್ಳೋದರಲ್ಲಿ ಹೆಚ್ಚು ಓದಿದವರು ಮಕ್ಕಳಿಂದಲೇ ದೂರ ಹೋಗಬೇಕಾ? ಹಳೆಯದನ್ನು ಹುಡುಕ್ತಾ ಹೋದೆ.

1946. ಆಗ ನಮ್ಮ ಗುಲ್ಬರ್ಗಾ ಇನ್ನೂ ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿತ್ತು. ಬ್ರಿಟಿಷ್ ಸರ್ಕಾರ ನೇಮಿಸಿದ್ದ ಭೋರ್ ಸಮಿತಿ ಅದೇ ವರ್ಷ ವರದಿ ಕೊಟ್ಟಿತು. ದೇಶದಲ್ಲಿದ್ದ ನರ್ಸ್‌ಗಳು ಸುಮಾರು 7,000. ಅಂದ್ರೆ 43,000 ಜನರಿಗೆ ಒಬ್ಬರು. ಅದೇ ವರ್ಷ ದೆಹಲಿ ಮತ್ತು ವೆಲ್ಲೂರಿನಲ್ಲಿ ನರ್ಸಿಂಗ್ ಪದವಿ ಶುರುವಾಯ್ತು. 1959ರಲ್ಲಿ ದೆಹಲಿಯ ಕಾಲೇಜು, ಈಗಿನ ರಾಜಕುಮಾರಿ ಅಮೃತ್ ಕೌರ್ ನರ್ಸಿಂಗ್ ಕಾಲೇಜು, ದೇಶದ ಮೊದಲ ಸ್ನಾತಕೋತ್ತರ ನರ್ಸಿಂಗ್ ಕೋರ್ಸ್ ತಂತು.

ಇಷ್ಟು ಕಡಿಮೆ ನರ್ಸ್‌ಗಳಿರುವ ದೇಶಕ್ಕೆ ಮೊದಲು ಬೇಕಾಗಿದ್ದು ಏನು? ಕಲಿಸುವವರು, ಆಡಳಿತ ನಡೆಸುವವರು. ಮೇಲಿನ ಓದು ಆ ದಾರಿಗೇ ಹೊರಳಿತು. ಆ ಕಾಲಕ್ಕೆ ಅದು ಸರಿಯಾದ ಲೆಕ್ಕವೇ.

ಈಗ ಸ್ವಲ್ಪ ದೂರ, ಅಮೆರಿಕದ ಕೊಲರಾಡೊಗೆ ಹೋಗೋಣ. ಅಲ್ಲೂ ಹಳ್ಳಿ ಕಡೆ ಮಕ್ಕಳ ಡಾಕ್ಟರ್ ಸಿಗ್ತಿರಲಿಲ್ಲ. 1965ರಲ್ಲಿ ಲೊರೆಟಾ ಫೋರ್ಡ್ ಅನ್ನೋ ನರ್ಸ್, ಹೆನ್ರಿ ಸಿಲ್ವರ್ ಅನ್ನೋ ಮಕ್ಕಳ ವೈದ್ಯರ ಜೊತೆ ಸೇರಿ ಅಲ್ಲಿನ ವಿಶ್ವವಿದ್ಯಾಲಯದಲ್ಲಿ ಹೊಸ ತರಬೇತಿ ಶುರು ಮಾಡಿದರು. ಕೂಸಿನ ಬೆಳವಣಿಗೆ ಅಳೆಯೋದು, ಲಸಿಕೆ, ಸಾಮಾನ್ಯ ಕಾಯಿಲೆ ಗುರುತಿಸೋದು, ಇವನ್ನು ನರ್ಸ್ ತಾನೇ ಮಾಡಬೇಕು. ಕಷ್ಟದ ಕೇಸ್ ಇದ್ರೆ ಡಾಕ್ಟರ್ ಹತ್ತಿರ ಕಳಿಸಬೇಕು. 'ನರ್ಸ್ ಪ್ರಾಕ್ಟಿಷನರ್' ಅನ್ನೋ ವೃತ್ತಿ ಹುಟ್ಟಿದ್ದೇ ಹೀಗೆ, ಮಕ್ಕಳಿಗಾಗಿ. ಡಾಕ್ಟರ್‌ಗಳಷ್ಟೇ ಅಲ್ಲ, ನರ್ಸಿಂಗ್ ಕಲಿಸುವವರೂ ಆಗ ವಿರೋಧ ಮಾಡಿದ್ರು. ಇವತ್ತು ಅಮೆರಿಕದಲ್ಲಿ ಅಂಥ ನರ್ಸ್‌ಗಳು ಮೂರೂವರೆ ಲಕ್ಷಕ್ಕೂ ಹೆಚ್ಚು. ಫೋರ್ಡ್ ತೀರಿಕೊಂಡಿದ್ದು 2025ರಲ್ಲಿ, 104ನೇ ವಯಸ್ಸಿನಲ್ಲಿ.

ಮತ್ತೆ ನಮ್ಮೂರಿಗೆ ಬರೋಣ. 1963ರಲ್ಲಿ ಮಹಾದೇವಪ್ಪ ರಾಂಪೂರೆ ವೈದ್ಯಕೀಯ ಕಾಲೇಜು ಇಲ್ಲಿ ಶುರುವಾಯ್ತು. 1996ರಲ್ಲಿ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯ ಬಂದ ಮೇಲೆ ರಾಜ್ಯದ ನರ್ಸಿಂಗ್ ಕಾಲೇಜುಗಳು ಅದರಡಿ ಬಂದವು. ಮುಂದೆ ರಾಜ್ಯದ ತುಂಬ ಖಾಸಗಿ ಕಾಲೇಜು ಎದ್ದವು, ಕೇರಳದಿಂದಲೂ ಹುಡುಗ್ರು ಬಂದ್ರು. ಕಾಲೇಜಿಗೆ ಪಾಠ ಮಾಡೋರು ಬೇಕು, ಅದಕ್ಕೆ ಎಂ.ಎಸ್ಸಿ ಬೇಕು. 371ಜೆ ಬಂದ ಮೇಲೆ ಈ ಭಾಗದವರಿಗೆ ಸೀಟು, ಸರ್ಕಾರಿ ನೌಕರಿ ಎರಡರಲ್ಲೂ ಮೀಸಲು ಸಿಕ್ತು. ಓದೋ ಬಾಗಿಲು ತೆರೀತು. ಓದಿದ ಮೇಲಿನ ದಾರಿ ಮಾತ್ರ 1959ರದ್ದೇ.

ಕೇಳ್ತಿರೋ ತಂಗಿಯರು, ತಮ್ಮಂದಿರು ಯಾರಾದ್ರೂ ಈ ದಾರಿ ಹಿಡಿಯೋರಿದ್ರೆ, ಲೆಕ್ಕ ಇಟ್ಕೊಳ್ಳಿ. ಬಿ.ಎಸ್ಸಿ ನರ್ಸಿಂಗ್ 4 ವರ್ಷ, ಒಂದು ವರ್ಷದ ಕೆಲಸದ ಅನುಭವ, ಎಂ.ಎಸ್ಸಿ 2 ವರ್ಷ. ಅಲ್ಲಿ ಮಕ್ಕಳ ಆರೋಗ್ಯ ಒಂದು ವಿಶೇಷ ವಿಷಯ, ಪ್ರಬಂಧವನ್ನೂ ಬರೀಬೇಕು. ನವಜಾತ ಶಿಶುಗಳ ಆರೈಕೆಗೇ ಅಂತ ಒಂದು ವರ್ಷದ ಡಿಪ್ಲೊಮಾ ಬೇರೆ ಇದೆ. ಭಾರತೀಯ ನರ್ಸಿಂಗ್ ಕೌನ್ಸಿಲ್ 2016ರ ಹೊತ್ತಿಗೆ ಎರಡು ವರ್ಷದ ನರ್ಸ್ ಪ್ರಾಕ್ಟಿಷನರ್ ಕೋರ್ಸ್ ರೂಪಿಸಿತು, ವಾರ್ಡಿನಲ್ಲೇ ಇದ್ದು ಕಲಿಯೋದು. ಅದು ತೀವ್ರ ನಿಗಾ ಘಟಕದ ರೋಗಿಗಳಿಗೆ. ಕೊಲರಾಡೊದಲ್ಲಿ ಮಕ್ಕಳಿಂದ ಶುರುವಾದದ್ದು ನಮ್ಮಲ್ಲಿ ಐಸಿಯುನಿಂದ ಶುರುವಾಯ್ತು. 1947ರ ಕಾಯ್ದೆಯ ಬದಲಿಗೆ 2023ರಲ್ಲಿ ಸಂಸತ್ತು ಹೊಸ ನರ್ಸಿಂಗ್ ಆಯೋಗದ ಕಾಯ್ದೆ ಪಾಸು ಮಾಡಿತು. ಹೊಸ ಹುದ್ದೆಗಳ ಮಾತು ಎತ್ತೋಕೆ ಇದು ಹೊತ್ತು.

ಪಾಠ ಮಾಡೋದು ಸಣ್ಣ ಕೆಲಸ ಅಂತ ನಾನು ಹೇಳ್ತಿಲ್ಲ. ಆ ಮೇಡಂ ಕಲಿಸಿದ ಹುಡುಗಿಯರು ನಾಳೆ ಇನ್ನೊಂದು ಕೂಸನ್ನು ಉಳಿಸ್ತಾರೆ. ಆದ್ರೆ ಅಳಿಯ ಮನೆಗೆ ಬಂದ ಮೇಲೆ ಏನಾಯ್ತು ಕೇಳಿ. ಕಮಲಾಪುರದ ಮನೆಗೆ ಆಶಾ ಅಕ್ಕ ಬರ್ತಿದ್ರು, ತೂಕ ನೋಡ್ತಿದ್ರು, 42ನೇ ದಿನದವರೆಗೂ. ಒಂದು ಸಲ ತೂಕ ಏರಲೇ ಇಲ್ಲ. ಅವರಿಗೂ ಗಾಬರಿ, ಅಕ್ಕನಿಗೂ ಗಾಬರಿ. ಕೇಳೋಕೆ ಹತ್ತಿರದಲ್ಲಿ ಯಾರೂ ಇಲ್ಲ. ಕೂಸನ್ನು ಸೆರಗಿನಲ್ಲಿ ಸುತ್ತಿಕೊಂಡು ಮತ್ತೆ ಕಲಬುರಗಿ ಬಸ್ ಹತ್ತಿದ್ಲು. ಹಾಲು ಕೊಡೋ ರೀತಿ ಸ್ವಲ್ಪ ಬದಲಿಸಿದ್ರೆ ಸಾಕಿತ್ತು, ಅಷ್ಟೇ.

ಇಂಥ ಕೂಸುಗಳನ್ನೇ ನೋಡೋಕೆ ಮಕ್ಕಳ ನರ್ಸಿಂಗ್ ಓದಿದ ಒಬ್ಬರಿಗೆ ಕಮಲಾಪುರದ ಆಸ್ಪತ್ರೆಯಲ್ಲಿ ಒಂದು ಹುದ್ದೆ, ಅದಕ್ಕೆ ತಕ್ಕ ಸಂಬಳ ಇದ್ದಿದ್ರೆ? ಫೋನಿನಲ್ಲಿ ಇದನ್ನೇ ಸಿಸ್ಟರ್‌ಗೆ ಕೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಂಗ ಇದ್ರ ನಾಳೆನೇ ಬರ್ತೀನಿ ತಮ್ಮಾ" ಅಂದ್ರು.

ನಿಮ್ಮ ಮನೆಯಲ್ಲಿ ನರ್ಸಿಂಗ್ ಓದಿದವರಿದ್ರೆ ಅವರಿಗೂ ಇದೇ ಪ್ರಶ್ನೆ ಕೇಳಿ ನೋಡಿ. ಮುಂದಿನ ಕಂತಿನಲ್ಲಿ ಸಿಗೋಣ. ಬರ್ತೀನ್ರಿ.