ಮುದ್ದತು: ಠೇವಣಿಯಿಂದ ಡೇಟಾಬೇಸಿಗೆ

ಮುದ್ದತು (ನಾ.) ಗೊತ್ತುಪಡಿಸಿದ ಕಾಲ, ಗಡುವು.

ಮಹಾರಾಷ್ಟ್ರದ ಗಡಹಿಂಗ್ಲಜ ತಾಲೂಕಿನ ನೇಸರಿಯಂಥ ಗಡಿಯೂರುಗಳಿಗೆ ಈ ಪದ ಕನ್ನಡ, ಮರಾಠಿ ಎರಡೂ ಭಾಷೆಗಳಿಂದ ಪರಿಚಿತ. ಮರಾಠಿಯ 'ಮುದತ ಠೇವ', ಉತ್ತರ ಕರ್ನಾಟಕದ 'ಮುದ್ದತಿ ಠೇವು' ಎರಡೂ ಒಂದೇ, ಅವಧಿ ಠೇವಣಿ. ಮರಾಠಿಯಲ್ಲಿ ಅವಧಿ ಮೀರಿದ ಔಷಧವೂ 'ಮುದತಬಾಹ್ಯ'.

ಮೂಲ ಅರಬ್ಬಿ. ಅಲ್ಲಿನ ಧಾತುವಿಗೆ 'ಹಿಗ್ಗಿಸು, ಚಾಚು' ಎಂದರ್ಥ. ಚಾಚಿಕೊಂಡ ಕಾಲವೇ 'ಮುದ್ದತ್'. ನೆರವಿಗೆ ಕೈಚಾಚುವ 'ಮದತ್' ಕೂಡ ಅದೇ ಬೇರಿನದು! ಪಾರಸಿಯ ಮೂಲಕ ಬಂದ ಪದ ಉರ್ದುವಿನಲ್ಲಿ 'ಬಹುಕಾಲ'ವನ್ನು ಸೂಚಿಸಿದರೆ, ನಮ್ಮಲ್ಲಿ ಕರಾರು, ಸಾಲಗಳ ಕಟ್ಟುನಿಟ್ಟಿನ ಗಡುವಾಯಿತು. ಜೊತೆಗಾರ 'ವಾಯಿದೆ'ಯ ಮೂಲಾರ್ಥ ಬೇರೆ, ಮಾತು ಕೊಡುವುದು.

'ಮುದ್ದತು ಮುಗಿಯಿತು' ಎಂದರೆ 'ಇಲ್ಲವಾಯಿತು' ಎಂದೇ ಹಲವರು ತಿಳಿಯುತ್ತಾರೆ. ಅದು ತಪ್ಪು. ಡೇಟಾಬೇಸನ್ನೇ ನೋಡಿ. ಮೊಂಗೊಡಿಬಿ ಎಂಬ ಡೇಟಾಬೇಸ್ 2021ರಲ್ಲಿ, 5.0 ಆವೃತ್ತಿಯಲ್ಲಿ, ಹೊತ್ತುಹೊತ್ತಿಗೆ ದಾಖಲಾಗುವ ಉಷ್ಣತೆಯಂಥ ಅಳತೆಗಳಿಗೆಂದೇ ಟೈಮ್ ಸೀರೀಸ್ ಸಂಗ್ರಹಗಳನ್ನು ತಂದಿತು. ಮೊಂಗೊಡಿಬಿಯೊಂದಿಗೆ ಬಳಸುವ ಮುಂಗೂಸ್ ಲೈಬ್ರರಿಯಲ್ಲಿ ಅವಕ್ಕೆ ಸೆಕೆಂಡುಗಳಲ್ಲಿ ಮುದ್ದತು ಬರೆಯಬಹುದು. 30 ದಿನಕ್ಕೆ 25,92,000. ಮುದ್ದತು ತೀರಿದ್ದನ್ನು ಅಳಿಸುವ, ಹಿನ್ನೆಲೆಯ 'ಕೆಲಸಗಾರ' 60 ಸೆಕೆಂಡಿಗೊಮ್ಮೆ ಎಚ್ಚರಗೊಳ್ಳುತ್ತಾನೆ. ಆದರೆ ದಾಖಲೆಗಳು ಕಟ್ಟುಕಟ್ಟಾಗಿ ಇರುವುದರಿಂದ, ಕಟ್ಟಿನ ಕೊನೆಯ ಅಳತೆಗೂ ಮುದ್ದತು ತೀರಿದ ಮೇಲೆಯೇ ಇಡೀ ಕಟ್ಟು ಹೋಗುವುದು. ಅಲ್ಲಿಯವರೆಗೆ ಹಳೆಯದೂ ಹುಡುಕಿದರೆ ಸಿಕ್ಕೀತು.

ತಂತ್ರಾಂಶದವರು ಇದನ್ನು 'ಎಕ್ಸ್‌ಪೈರಿ' ಎನ್ನುತ್ತಾರೆ. 'ಮುದ್ದತು' ಎಂದರೂ ಅರ್ಥಕ್ಕೆ ಕುಂದಿಲ್ಲ.