ಬೀಜದ ಕುದುರೆ, ದೇವರ ಬಸವ

ಹತ್ತೊಂಬತ್ತನೆಯ ಶತಮಾನದ ನ್ಯೂ ಸೌತ್ ವೇಲ್ಸ್ ವಸಾಹತಿನ ಪತ್ರಿಕೆಗಳಲ್ಲಿ ಒಂದು ಬಗೆಯ ಜಾಹೀರಾತು ಮತ್ತೆ ಮತ್ತೆ ಕಾಣುತ್ತದೆ. ಒಂದು ಗಂಡು ಕುದುರೆಯ ಹೆಸರು, ಬಣ್ಣ, ಎತ್ತರ, ಅದರ ತಂದೆ ತಾಯಿಯ ವಂಶ. ಈ ಹಂಗಾಮಿನಲ್ಲಿ ಅದು ಯಾರ ಜಮೀನಿನಲ್ಲಿ ನಿಲ್ಲುತ್ತದೆ, ಒಂದು ಹೆಣ್ಣು ಕುದುರೆಗೆ ಶುಲ್ಕ ಎಷ್ಟು, ಕುದುರೆಯ ಆಳಿಗೆ ಕೊಡಬೇಕಾದ ಕಾಸು ಎಷ್ಟು, ದೂರದಿಂದ ಬಂದವುಗಳಿಗೆ ಹುಲ್ಲುಗಾವಲು ಉಂಟೋ ಇಲ್ಲವೋ, ಇಷ್ಟು ವಿವರ. ನಮ್ಮ ಕಣ್ಣಿಗೆ ವಿಚಿತ್ರವೆನಿಸುವ ಈ ಜಾಹೀರಾತು ಅಲ್ಲಿನ ರೈತರಿಗೆ ಬಿತ್ತನೆ ಬೀಜದ ಜಾಹೀರಾತಿನಷ್ಟೇ ಸಹಜವಾಗಿತ್ತು.

ಕೃಷಿ ಇತಿಹಾಸದ ವಿದ್ಯಾರ್ಥಿಯಾದ ನನಗೆ ಇವು ಒಂದು ಪ್ರಶ್ನೆ ಹುಟ್ಟಿಸುತ್ತವೆ. ಅದೇ ಬ್ರಿಟಿಷ್ ಸಾಮ್ರಾಜ್ಯದ ಇನ್ನೊಂದು ಮೂಲೆಯಲ್ಲಿದ್ದ ನಮ್ಮ ಗೌರಿಬಿದನೂರು, ಚಿಕ್ಕಬಳ್ಳಾಪುರ, ಶಿಡ್ಲಘಟ್ಟ, ಚಿಂತಾಮಣಿಯ ರೈತನಿಗೆ ಇಂಥ ಜಾಹೀರಾತು ಯಾಕೆ ಬೇಕಾಗಲಿಲ್ಲ? ಅವನಿಗೆ ತಳಿಯ ಬಗ್ಗೆ ಕಾಳಜಿಯೇ ಇರಲಿಲ್ಲವೆ? ಆ ಕಾಲದ ಅನೇಕ ಅಧಿಕಾರಿಗಳು ಹಾಗೆಯೇ ನಂಬಿದ್ದರು. ನಾಡಿನ ಕುದುರೆ ಕುಳ್ಳು, ಬಡಕಲು, ರೈತ ತಳಿಯ ವಿಷಯದಲ್ಲಿ ಅಸಡ್ಡೆಯವನು ಎಂಬ ದೂರು ವಸಾಹತು ಬರಹಗಳಲ್ಲಿ ಸಾಮಾನ್ಯ. ಈ ದೂರನ್ನು ಪರೀಕ್ಷಿಸಬೇಕಾದರೆ ಮೊದಲು ಕುದುರೆ ಯಾರಿಗೆ ಬೇಕಾಗಿತ್ತು ಎಂದು ಕೇಳಬೇಕು.

ನ್ಯೂ ಸೌತ್ ವೇಲ್ಸಿನಲ್ಲಿ ಕುದುರೆ ರೈತನದೇ ಪ್ರಾಣಿ. ನೇಗಿಲು ಎಳೆಯುವುದಕ್ಕೆ, ಗಾಡಿಗೆ, ಕುರಿ ಕಾಯುವುದಕ್ಕೆ ಅದು ಬೇಕು. ಮಿಕ್ಕಿದ್ದನ್ನು ಮಾರಬಹುದು, ಮತ್ತು ಮಾರುಕಟ್ಟೆ ಸಮುದ್ರದಾಚೆ ಸಿದ್ಧವಾಗಿತ್ತು. ಮದರಾಸಿನ ಸೈನ್ಯ ಅಲ್ಲಿಂದ ಹಡಗಿನಲ್ಲಿ ಕುದುರೆ ತರಿಸಿಕೊಳ್ಳತೊಡಗಿತು. ವೇಲ್ಸಿನಿಂದ ಬಂದದ್ದು ಎನ್ನುವ ಅರ್ಥದಲ್ಲಿ ಅವಕ್ಕೆ 'ವೇಲರ್' ಎಂಬ ಹೆಸರು ಬಿದ್ದದ್ದೂ ಭಾರತದಲ್ಲಿಯೇ. ನಮಗೆ ಹತ್ತಿರದ ಹೊಸೂರಿನಲ್ಲಿ (ಎಚ್. ನರಸಿಂಹಯ್ಯನವರು ಹುಟ್ಟಿದ ಗೌರಿಬಿದನೂರು ತಾಲ್ಲೂಕಿನ ಹೊಸೂರಲ್ಲ, ಇಂದು ತಮಿಳುನಾಡಿನಲ್ಲಿರುವ ಹೊಸೂರು) ಮತ್ತಿಗಿರಿಯ ಬಯಲಿನಲ್ಲಿ ಸೈನ್ಯಕ್ಕೆ ಕುದುರೆ ಸಾಕಿ ಪಳಗಿಸುವ ದೊಡ್ಡ ಕೇಂದ್ರವಿತ್ತು. ಎಲ್ಲೋ ಒಬ್ಬ ವಲಸೆ ರೈತ ಶುಲ್ಕ ಕೊಟ್ಟು ಹುಟ್ಟಿಸಿದ ಮರಿ ಹೀಗೆ ದಕ್ಷಿಣ ಭಾರತದ ದಂಡಿನಲ್ಲಿ ಸವಾರನನ್ನು ಹೊರುತ್ತಿತ್ತು.

ಭಾರತದೊಳಗೇ ಕುದುರೆ ಹುಟ್ಟಿಸಬೇಕೆಂಬ ಪ್ರಯತ್ನವೂ ಹಳೆಯದು. ಕಂಪನಿ ಸರ್ಕಾರ 1790ರ ದಶಕದಲ್ಲಿ ಬಿಹಾರದ ಪೂಸಾದಲ್ಲಿ ಕುದುರೆ ತಳಿ ಕೇಂದ್ರ ತೆರೆಯಿತು. 1808ರಲ್ಲಿ ಅದರ ಹೊಣೆ ಹೊತ್ತ ಪಶುವೈದ್ಯ ವಿಲಿಯಂ ಮೂರ್‌ಕ್ರಾಫ್ಟ್ ಒಳ್ಳೆಯ ಬೀಜದ ಕುದುರೆ ಹುಡುಕುತ್ತ ಟಿಬೆಟ್ಟಿಗೆ, ಮುಂದೆ ಬುಖಾರಾದವರೆಗೂ ಹೋದ. 1825ರಲ್ಲಿ ಹಿಂದಿರುಗುವ ದಾರಿಯಲ್ಲಿ ಸತ್ತ. ಖರ್ಚು ವಿಪರೀತವಾಗಿ 1870ರ ದಶಕದಲ್ಲಿ ಆ ವ್ಯವಸ್ಥೆ ಮುಚ್ಚಿತು. ಅದೇ ಪೂಸಾದಲ್ಲಿ 1905ರಲ್ಲಿ ಕೃಷಿ ಸಂಶೋಧನಾ ಸಂಸ್ಥೆ ಶುರುವಾಯಿತು.

ಮುಚ್ಚಿದ ಮೇಲೆ ಸರ್ಕಾರ ಬೇರೆ ದಾರಿ ಹಿಡಿಯಿತು. ಉತ್ತರ ಭಾರತದ ಜಿಲ್ಲೆಗಳಲ್ಲಿ ಸರ್ಕಾರಿ ಬೀಜದ ಕುದುರೆಗಳನ್ನು ನಿಲ್ಲಿಸಿ, ರೈತರ ಹೆಣ್ಣು ಕುದುರೆಗಳನ್ನು ಪರೀಕ್ಷಿಸಿ, ಒಪ್ಪಿದವಕ್ಕೆ ಮುದ್ರೆ ಒತ್ತಿ, ಉಚಿತವಾಗಿ ಕೂಡಿಸುವ ಏರ್ಪಾಡು ಅದು. ಜಾತ್ರೆಗಳಲ್ಲಿ ಬಹುಮಾನ ಕೊಟ್ಟರು. ಪಂಜಾಬಿನ ಝೇಲಂ ಕಾಲುವೆ ಪ್ರದೇಶದಲ್ಲಿ ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಇನ್ನೂ ಮುಂದೆ ಹೋಗಿ, ಸೈನ್ಯಕ್ಕಾಗಿ ಒಂದು ಹೆಣ್ಣು ಕುದುರೆ ಸಾಕಬೇಕೆಂಬ ಷರತ್ತಿನ ಮೇಲೆ ನೀರಾವರಿ ಜಮೀನು ಹಂಚಿದರು. ಇಂಥ ಜಮೀನು ಒಡೆಯಬಾರದೆಂದು ಹಿರಿಮಗನಿಗೆ ಮಾತ್ರ ಹೋಗುವ ನಿಯಮ ಮಾಡಿದರು. ಕುದುರೆಯ ಹೊಟ್ಟೆಪಾಡಿಗಾಗಿ ಮನುಷ್ಯರ ಆಸ್ತಿ ಹಕ್ಕೇ ಬದಲಾಯಿತು. ಶುಲ್ಕ ಕೊಟ್ಟು ಬರುವ ರೈತನಿಗೂ ಉಚಿತವಾಗಿ ಕೊಟ್ಟರೂ ಷರತ್ತು ಹಾಕಿ ಕರೆಸಬೇಕಾದ ರೈತನಿಗೂ ಇರುವ ವ್ಯತ್ಯಾಸ ಇಲ್ಲಿ ಸ್ಪಷ್ಟವಾಗುತ್ತದೆ. ಮೊದಲನೆಯವನು ತನ್ನ ಕೆಲಸದ ಪ್ರಾಣಿಯನ್ನು ಬೆಳೆಸುತ್ತಿದ್ದ. ಎರಡನೆಯವನು ದಂಡಿನ ಪ್ರಾಣಿಯನ್ನು ಬೆಳೆಸಿಕೊಡುತ್ತಿದ್ದ.

ಮೈಸೂರಿನ ಕಥೆ ಈ ಎರಡರಂತೆಯೂ ಇಲ್ಲ. 1807ರ ಒಪ್ಪಂದದ ಪ್ರಕಾರ ಮೈಸೂರು 4,000 ಸವಾರರನ್ನು ಇಟ್ಟುಕೊಳ್ಳಬೇಕಿತ್ತು. ಇವರು ಸಿಲ್ಲೇದಾರರು, ಅಂದರೆ ಕುದುರೆಯನ್ನು ತಾವೇ ತರುವ ಸವಾರರು. ಕುದುರೆ ಸತ್ತರೆ ಬದುಕೇ ನಿಂತಂತೆ. ಟಿಪ್ಪುವಿನ ಕಾಲದ್ದೆಂದು ಹೇಳುವ ತುಮಕೂರು ಸೀಮೆಯ ಕುಣಿಗಲ್ ಕುದುರೆ ಫಾರಂ ಇಂಥ ದಳದ ಅಗತ್ಯಕ್ಕೆ ಒದಗಿತು. ಮೈಸೂರು ಲ್ಯಾನ್ಸರ್ಸ್ ದಳ 1918ರ ಸೆಪ್ಟೆಂಬರ್ 23ರಂದು ಹೈಫಾದಲ್ಲಿ ಹೋರಾಡಿದ್ದನ್ನು ನಾವು ಈಗಲೂ ನೆನೆಯುತ್ತೇವೆ. ಆದರೆ ಕುಣಿಗಲ್ಲಿನ ಲಾಯದಿಂದ ಹೊಲದವರೆಗೆ ದಾರಿ ಬೆಳೆಯಲಿಲ್ಲ.

ಕಾರಣ ತಿಳಿಯಲು ಗೌರಿಬಿದನೂರಿನ ಪಕ್ಕದ ಕುಡುಮಲಕುಂಟೆಯಂಥ ಊರನ್ನು ನೋಡಿದರೆ ಸಾಕು. ಈಗ ಅದು ಕೈಗಾರಿಕಾ ಪ್ರದೇಶ. ಹೆಸರಿನಲ್ಲಿರುವ ಕುಂಟೆ ಪುಟ್ಟ ಕೆರೆ. ಹೊಲ ಹರಗುವ ಕುಂಟೆ ಬೇರೆ, ಮತ್ತು ಅದನ್ನು ಎಳೆದದ್ದು ಎತ್ತು. ನೇಗಿಲು, ಗಾಡಿ, ಬಾವಿಯ ಕಪಿಲೆ, ರಾಗಿ ಕಣದ ರೋಣಗಲ್ಲು ಎಲ್ಲವೂ ಎತ್ತಿನವೇ. ಕುದುರೆ ಇರಲಿಲ್ಲವೆಂದಲ್ಲ. ಜಟಕಾಗಳಿಗೆ ತಟ್ಟುಗಳಿದ್ದವು, ಸಂತೆ ವ್ಯಾಪಾರಿಗಳು ತಟ್ಟುಗಳ ಮೇಲೆ ಹೇರು ಹೊರಿಸುತ್ತಿದ್ದರು. ಆದರೆ ದಂಡಿಗೆ ಒಪ್ಪುವ ಎತ್ತರದ ಕುದುರೆ ಬೇಸಾಯಗಾರನಿಗೆ ಲೆಕ್ಕಕ್ಕೆ ಬರುವಂಥದ್ದಲ್ಲ. ಹೆಣ್ಣು ಕುದುರೆ ಸುಮಾರು 11 ತಿಂಗಳು ಗಬ್ಬ ಹೊರಬೇಕು, ಮರಿ ಸೈನ್ಯಕ್ಕೆ ಸಲ್ಲಲು ಇನ್ನೂ ನಾಲ್ಕು ವರ್ಷ ಬೇಕು. ಅಷ್ಟೂ ಕಾಲ ಕಾಳು ಹಾಕಬೇಕು, ಕೊನೆಗೆ ಖರೀದಿ ಅಧಿಕಾರಿ ಬೇಡವೆಂದರೆ ಎಲ್ಲ ನಷ್ಟ. ಹಸುವಾದರೆ ರಾಗಿ ಹುಲ್ಲು ತಿಂದು ಹಾಲು, ಗೊಬ್ಬರ, ಜೊತೆಗೆ ಉಳುವ ಕರು ಕೊಡುತ್ತದೆ. ಮಳೆ ನಂಬಿದ ಸೀಮೆಯಲ್ಲಿ ಈ ಲೆಕ್ಕ ಹಾಕಲು ಯಾರ ಸಲಹೆಯೂ ಬೇಕಿರಲಿಲ್ಲ. ನಮ್ಮ ರೈತ ಕುದುರೆಗೆ ಬೆಳೆದದ್ದು ಹುರುಳಿ. ಅದಕ್ಕೆ ಇಂಗ್ಲಿಷರು ಕುದುರೆಯ ಕಾಳೆಂದೇ ಹೆಸರಿಟ್ಟರು. ಇವನಿಗೆ ಅದು ಮನೆಯ ಬಸ್ಸಾರಿನ ಕಾಳೂ ಆಗಿತ್ತು.

ಹಾಗಾದರೆ ತಳಿಯ ಕಾಳಜಿ ಎಲ್ಲಿತ್ತು? ಹೋರಿಯಲ್ಲಿ. ಹಳ್ಳಿಕಾರ್ ತಳಿ ಇದೇ ದಕ್ಷಿಣ ಮೈಸೂರು ಸೀಮೆಯ ರೈತರು, ಗೋಪಾಲಕರು ತಲೆಮಾರುಗಳಿಂದ ಆರಿಸಿ ಉಳಿಸಿದ್ದು. ಶಿವರಾತ್ರಿಯ ಹೊತ್ತಿನ ನಂದಿ ಜಾತ್ರೆ, ಘಾಟಿ ಸುಬ್ರಹ್ಮಣ್ಯದ ದನದ ಜಾತ್ರೆ ಹಲ್ಲು, ಸುಳಿ, ಕೊಂಬು, ಗೊರಸು ನೋಡುವ ಕಣ್ಣುಗಳ ಪಾಠಶಾಲೆ. ಬೀಜದ ಹೋರಿಯನ್ನು ಒದಗಿಸುವ ನಮ್ಮದೇ ಕ್ರಮವೂ ಇತ್ತು. ಹರಕೆಗೋ, ಸತ್ತವರ ನೆನಪಿಗೋ ಒಂದು ಒಳ್ಳೆಯ ಹೋರಿಗರುವನ್ನು ಆರಿಸಿ, ಮುದ್ರೆ ಹಾಕಿ ದೇವರ ಹೆಸರಿನಲ್ಲಿ ಬಿಡುವುದು. ಆ ಬಸವನನ್ನು ಯಾರೂ ಕಟ್ಟುವಂತಿಲ್ಲ, ಹೊಡೆಯುವಂತಿಲ್ಲ. ಊರ ಹಸುಗಳಿಗೆಲ್ಲ ಅವನೇ. ಶುಲ್ಕವಿಲ್ಲ, ಜಾಹೀರಾತಿಲ್ಲ. ಮೇವಿನ ಖರ್ಚನ್ನು ಊರೇ ಹೊರುತ್ತಿತ್ತು.

ಇದನ್ನು ಸುಂದರ ಗ್ರಾಮಸ್ವರಾಜ್ಯವೆಂದು ಹೊಗಳಿ ಮುಗಿಸಲಾಗದು. ದೇವರ ಬಸವ ತುಂಡು ಹೊಲದ ಬಡವನ ಪೈರಿಗೆ ನುಗ್ಗಿದರೂ ಅವನು ಬಾಯಿ ಮುಚ್ಚಿಕೊಂಡೇ ಇರಬೇಕು. ಖರ್ಚು ಎಲ್ಲರ ಮೇಲೆ ಸಮನಾಗಿ ಬೀಳುತ್ತಿರಲಿಲ್ಲ. ರಾಜ್ಯದ ಕೈಗೆ ದನ ಬಂದಾಗಲೂ ಹೀಗೆಯೇ. ಚಿಕ್ಕದೇವರಾಜ ಒಡೆಯರ ಬೆಣ್ಣೆ ಚಾವಡಿ, ಟಿಪ್ಪುವಿನ ಕಾಲದಲ್ಲಿ ಅಮೃತ ಮಹಲ್ ಆಯಿತು. ಹಳ್ಳಿಕಾರ್ ರಕ್ತದ ಆ ದನಗಳು ಫಿರಂಗಿ ಎಳೆದವು. ಅವಕ್ಕೆಂದೇ ಮೀಸಲಾದ ಕಾವಲುಗಳು ಊರ ದನಗಳ ಹುಲ್ಲನ್ನು ಕಸಿದವು. 1799ರ ನಂತರ ಬ್ರಿಟಿಷರು ಅದನ್ನು ವಹಿಸಿಕೊಂಡರು, 1860ರಲ್ಲಿ ಉಳಿತಾಯದ ನೆಪದಲ್ಲಿ ಮಾರಿ ಚದುರಿಸಿದರು, ತಪ್ಪಾಯಿತೆಂದು 1866ರಲ್ಲಿ ಮತ್ತೆ ಕಟ್ಟಿದರು. ಮತ್ತೆ ಕಟ್ಟಲು ಸಾಧ್ಯವಾದದ್ದು ಹೊರಗೆ ತಳಿ ಉಳಿದಿದ್ದರಿಂದ.

ಇಲ್ಲಿಯೇ ಇತಿಹಾಸಕಾರನಿಗೆ ಒಂದು ಎಚ್ಚರಿಕೆ ಇದೆ. ನ್ಯೂ ಸೌತ್ ವೇಲ್ಸಿನ ಕುದುರೆಗೆ ಹೆಸರು, ವಂಶಾವಳಿ, ಬೆಲೆ ಎಲ್ಲವೂ ಅಚ್ಚಿನಲ್ಲಿವೆ. ಕುಣಿಗಲ್ಲಿನದು ಕಡತಗಳಲ್ಲಿದೆ. ಗೌರಿಬಿದನೂರಿನ ಹಳ್ಳಿಯ ಬಸವನಿಗೆ ಕಾಗದವೇ ಇಲ್ಲ. ಕಾಗದವಿದ್ದಲ್ಲಿ ಮಾತ್ರ ಜ್ಞಾನವಿತ್ತೆಂದು ಬಗೆದರೆ ಅಸಡ್ಡೆಯ ರೈತನ ಹಳೆಯ ಕಥೆಯನ್ನೇ ನಾವೂ ಹೇಳುತ್ತೇವೆ. ಅವನು ತಳಿ ಬೆಳೆಸಲಿಲ್ಲವೆಂಬುದು ಸುಳ್ಳು, ಸೈನ್ಯಕ್ಕೆ ಬೇಕಾದ ತಳಿ ಬೆಳೆಸಲಿಲ್ಲವೆಂಬುದು ನಿಜ.

ಇಂದು ಕುಣಿಗಲ್ ಎಂದರೆ ಪಂದ್ಯದ ಕುದುರೆ. ಉಳುವುದು ಟ್ರ್ಯಾಕ್ಟರ್. ಕೋಲಾರದಿಂದ ಬೇರೆಯಾಗಿ 2007ರಲ್ಲಿ ರೂಪುಗೊಂಡ ಚಿಕ್ಕಬಳ್ಳಾಪುರ ಜಿಲ್ಲೆಯ ಬದುಕು ರೇಷ್ಮೆ, ಹಾಲುಗಳ ಮೇಲೆ ನಿಂತಿದೆ. ಬಸವನ ಜಾಗಕ್ಕೆ ಹೆಸರಘಟ್ಟದಂಥ ಕೇಂದ್ರಗಳ ಹೆಪ್ಪುಗಟ್ಟಿಸಿದ ವೀರ್ಯದ ಕಡ್ಡಿ ಬಂದಿದೆ. ಅದರ ಹಿಂದೆಯೂ ಹೋರಿಯ ನಂಬರು, ತಾಯಿಯ ಹಾಲಿನ ಇಳುವರಿ ನಮೂದಾಗಿರುವ ಪಟ್ಟಿಯಿದೆ. ಹಾಲು ಹೆಚ್ಚಿತು, ಮನೆಗಳಿಗೆ ಹದಿನೈದು ದಿನಕ್ಕೊಮ್ಮೆ ದುಡ್ಡು ಬಂತು, ಅದನ್ನು ಹಗುರವಾಗಿ ಕಾಣಬಾರದು. ಆದರೆ ಮಿಶ್ರತಳಿಯ ಗಂಡುಕರು ಈಗ ಯಾರಿಗೂ ಬೇಡ. ಹೆಗಲು ಕೊಡುವ ಕರುವನ್ನೇ ನೆಚ್ಚಿ ತಳಿ ಆರಿಸಿದ್ದ ಸೀಮೆಯಲ್ಲಿ ಆಗಿರುವ ಈ ಬದಲಾವಣೆ ಸಣ್ಣದಲ್ಲ. ಹೊಸ ತಳಿ ಊರಿಗೆ ಬಂದಾಗಲೆಲ್ಲ ಕೇಳಬೇಕಾದ ಪ್ರಶ್ನೆ ಕುದುರೆಯ ಕಾಲದ್ದೇ: ಈ ಪ್ರಾಣಿ ಯಾರ ಕೆಲಸಕ್ಕೆ, ಅದರ ಮೇವು ಯಾರ ಹೊಲದ್ದು?